ಹಳೆಯ ಯೆಜ್ಡಿಯನ್ನು ಕೊಳ್ಳುವ ಮುನ್ನ

ಕೆಲವು ತಿಂಗಳುಗಳ ಹಿಂದೆ ಹಗರಿಬೊಮ್ಮನಹಳ್ಳಿಯ ವಿದ್ಯಾರ್ಥಿಯೊಬ್ಬನು ಎರಡು ಚಿತ್ರಗಳೊಡನೆ ನಮ್ಮ ಮನೆಗೆ ಬಂದನು. ಒಂದು ಚಿತ್ರದಲ್ಲಿ ಹೊಸಪೇಟೆಯಲ್ಲಿ ಮಾರಾಟಕ್ಕಿದ್ದ ಯೆಜ್ಡಿ ಮೋಟಾರು ಸೈಕಲ್ಲು. ಕಡುಗೆಂಪು ಬಣ್ಣ, ಮುಖ ಕಾಣುವಷ್ಟು ಹೊಳೆಯುವ ಪೆಟ್ರೋಲ್ ಟ್ಯಾಂಕು. ಇನ್ನೊಂದರಲ್ಲಿ ಕೊಟ್ಟೂರಿನ ಬಳಿಯ ಹಳ್ಳಿಯೊಂದರ ಮನೆಯಲ್ಲಿ ಶೇಂಗಾ ಚೀಲಗಳ ಮಗ್ಗುಲಿಗೆ ಒರಗಿಸಿಟ್ಟಿದ್ದ ಅದೇ ಜಾತಿಯ ಗಾಡಿ. ಬಣ್ಣ ಮಾಸಿದೆ, ಆಸನದ ಮೇಲೆ ಕೋಳಿ ಕುಳಿತಿದೆ. "ಮೊದಲನೆಯದನ್ನೇ ತೆಗೆದುಕೊಳ್ಳಲೇ, ಸರ್?" ಎಂದು ಅವನು ಕೇಳಿದನು. ತಂದೆಯವರು ಆ ವರ್ಷದ ಶೇಂಗಾ ಮಾರಿದ ಹಣದಲ್ಲಿ ಒಂದು ಭಾಗವನ್ನು ಅವನ ಕೈಗೆ ಕೊಟ್ಟಿದ್ದರು. ಎರಡನೆಯದನ್ನು ಮೊದಲು ನೋಡೆಂದು ನಾವು ಹೇಳಿದಾಗ ಅವನ ಮುಖ ಬಾಡಿತು.

ಇಂಗ್ಲೆಂಡಿನ ಯುವಕರು ಹಳೆಯ ಎಂ.ಜಿ. ಅಥವಾ ಟ್ರಯಂಫ್ ಸ್ಪೋರ್ಟ್ಸ್ ಕಾರುಗಳನ್ನು ಕನಸಿನಲ್ಲಿ ಕಾಣುತ್ತಾರಂತೆ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಕಡೆಗಳಲ್ಲಿ ಆ ಸ್ಥಾನ ಯೆಜ್ಡಿಗೆ ಸಲ್ಲುತ್ತದೆ. ಅದು ಕನ್ನಡ ನಾಡಿನಲ್ಲಿಯೇ ಹುಟ್ಟಿದ ಯಂತ್ರ. ಮೈಸೂರಿನ ಯಾದವಗಿರಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಒಪ್ಪಿಗೆಯೊಡನೆ ಈ ಗಾಡಿಗಳನ್ನು ತಯಾರಿಸಲಾರಂಭಿಸಿತು. 1970ರ ದಶಕದಲ್ಲಿ ಜಾವಾ ಎಂಬ ಹೆಸರಿಗೆ ಬದಲಾಗಿ ಯೆಜ್ಡಿ ಎಂಬ ಹೆಸರು ಬಂದಿತು; 1978ರಲ್ಲಿ ರೋಡ್‌ಕಿಂಗ್ ಬಂದಿತು; 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಚೆಗೆ ಇವೇ ಹೆಸರುಗಳಲ್ಲಿ ಹೊಸ ಗಾಡಿಗಳು ಬಂದಿವೆಯಾದರೂ ಅವುಗಳ ಇಂಜಿನ್ನಿನ ಜಾತಿಯೇ ಬೇರೆ. ಆದುದರಿಂದ ಇಂದು ಮಾರಾಟಕ್ಕೆ ಬರುವ ಮೈಸೂರು ಯೆಜ್ಡಿಗಳಲ್ಲಿ ಅತ್ಯಂತ ಎಳೆಯದಕ್ಕೂ ಮೂವತ್ತು ವರ್ಷಗಳ ಮೇಲಾಗುತ್ತ ಬಂದಿದೆ. ಮೂವತ್ತು ವರ್ಷಗಳಲ್ಲಿ ಅದು ಎಷ್ಟು ಕೈ ಬದಲಾಯಿಸಿದೆಯೋ, ಯಾವ ಯಾವ ಸುತ್ತಿಗೆಯ ಪೆಟ್ಟು ತಿಂದಿದೆಯೋ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ.

ಈ ಗೊತ್ತಿರುವಿಕೆ ಮತ್ತು ಗೊತ್ತಿಲ್ಲದಿರುವಿಕೆಗಳ ಅಂತರವನ್ನು ಕುರಿತೇ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಸಣ್ಣ ಲೇಖನವನ್ನು ಬರೆದನು. ಅವನು ಆರಿಸಿಕೊಂಡ ಉದಾಹರಣೆ ಹಳೆಯ ಕಾರುಗಳ ಸಂತೆ. ಒಳ್ಳೆಯದಾವುದು, ಕೆಟ್ಟದ್ದಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲ ಕಾರುಗಳಿಗೂ ನಡುವಿನ ಬೆಲೆಯನ್ನೇ ಕೊಡಲು ಮುಂದಾಗುತ್ತಾನೆ. ಒಳ್ಳೆಯ ಕಾರಿನ ಒಡೆಯನಿಗೆ ಆ ಬೆಲೆ ಸಾಲದು; ಅವನು ಮಾರದೆ ಹಿಂತಿರುಗುತ್ತಾನೆ. ಸಂತೆಯಲ್ಲಿ ಕೆಟ್ಟವುಗಳ ಪಾಲು ಹೆಚ್ಚುತ್ತದೆ, ಬೆಲೆ ಇನ್ನಷ್ಟು ಇಳಿಯುತ್ತದೆ, ಉಳಿದ ಒಳ್ಳೆಯವೂ ಹೊರಟುಹೋಗುತ್ತವೆ. ಈ ವಿಚಾರಕ್ಕಾಗಿ ಅಕರ್ಲಾಫನಿಗೆ 2001ರಲ್ಲಿ, ಇನ್ನಿಬ್ಬರೊಡನೆ, ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಹಾಗಿರುವಲ್ಲಿ ಗಾಡಿಯನ್ನು ಪರೀಕ್ಷಿಸುವುದು ಮಾರುವವನ ಮೇಲಿನ ಅಪನಂಬಿಕೆಯ ಕುರುಹು ಎಂದು ಸಂಕೋಚಪಡುವುದು ತಪ್ಪು. ಪರೀಕ್ಷಿಸಲು ಬಲ್ಲ ಗಿರಾಕಿ ಪ್ರಾಮಾಣಿಕನಾದ ಮಾರಾಟಗಾರನಿಗೂ ಬೇಕಾದವನು. ನಮ್ಮ ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿತ ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ ಈ ಕೆಲಸಕ್ಕೆ ಬಹುಮಟ್ಟಿಗೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಅವರು ಆ ಪಾಠಗಳನ್ನೆಲ್ಲ ಪರೀಕ್ಷೆಯ ಕೊಠಡಿಯಲ್ಲಿಯೇ ಬಿಟ್ಟು ಬರುತ್ತಾರೆ.

ಬಣ್ಣದಿಂದಲೇ ತೊಡಗೋಣ. ಹೊಸದಾಗಿ ಬಣ್ಣ ಬಳಿದ ಹಳೆಯ ಗಾಡಿಯು ಬಣ್ಣ ಮಾಸಿದ ಗಾಡಿಗಿಂತ ಹೆಚ್ಚು ಅನುಮಾನಕ್ಕೆ ಅರ್ಹವಾದುದು. ಪ್ರೀತಿಯಿಂದ ಬಣ್ಣ ಹಾಕಿಸುವವರಿಲ್ಲವೆ ಎಂದು ಕೇಳಬಹುದು, ಇದ್ದಾರೆ. ಆದರೆ ಮಾರುವುದಕ್ಕೆ ಹದಿನೈದು ದಿನ ಮುಂಚೆ ಪ್ರೀತಿ ಉಕ್ಕಿದರೆ ಅದರ ಕಾರಣವನ್ನು ವಿಚಾರಿಸಬೇಕು. ನಜ್ಜಿದ ತಗಡಿನ ಮೇಲೆ ಪಟ್ಟಿ ಮೆತ್ತಿ, ತಿಕ್ಕಿ, ಬಣ್ಣ ಹೊಡೆದರೆ ಕಣ್ಣಿಗೆ ಯಾವ ಭೇದವೂ ಕಾಣಿಸದು. ಆಗ ಒಂದು ಚಿಕ್ಕ ಅಯಸ್ಕಾಂತವನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಮೆಲ್ಲನೆ ಸರಿಸುತ್ತ ಹೋಗಿರಿ. ಅಯಸ್ಕಾಂತದ ಸೆಳೆತವು ದೂರ ಹೆಚ್ಚಿದಂತೆ ಬಹು ಬೇಗ ಕುಗ್ಗುತ್ತದೆ. ಬಣ್ಣದ ಪದರ ಕೂದಲೆಳೆಯಷ್ಟು ದಪ್ಪ, ಅದು ಲೆಕ್ಕಕ್ಕಿಲ್ಲ. ಪಟ್ಟಿಯು ಎರಡು ಮೂರು ಮಿಲಿಮೀಟರ್ ಮೆತ್ತಿದ್ದರೆ ಅಲ್ಲಿ ಅಯಸ್ಕಾಂತ ಜಾರಿ ಬೀಳುತ್ತದೆ. ಹೊಸಪೇಟೆಯ ಆ ಕೆಂಪು ಟ್ಯಾಂಕಿನ ಎಡಮಗ್ಗುಲಲ್ಲಿ ಅಂಗೈಯಗಲದ ಜಾಗದಲ್ಲಿ ಹೀಗೆಯೇ ಆಯಿತು.

ಟ್ಯಾಂಕು ನಜ್ಜಿದ್ದರೆ ಗಾಡಿ ಬಿದ್ದಿತ್ತು ಎಂದರ್ಥ. ಬಿದ್ದ ಗಾಡಿಯ ಚೌಕಟ್ಟು ನೆಟ್ಟಗಿದೆಯೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಗಾರೆಯವರ ದಾರವೇ ಸಾಕು. ಮುಂದಿನ ಚಕ್ರವನ್ನು ನೇರವಾಗಿ ನಿಲ್ಲಿಸಿ, ಹಿಂದಿನ ಟಯರಿನ ಪಕ್ಕಕ್ಕೆ ಎರಡು ಕಡೆ ತಾಗುವಂತೆ ದಾರವನ್ನು ಬಿಗಿಯಾಗಿ ಹಿಡಿದು ಮುಂದಿನ ಚಕ್ರದವರೆಗೆ ಎಳೆಯಬೇಕು. ಎರಡೂ ಮಗ್ಗುಲಲ್ಲಿ ಹೀಗೆ ಮಾಡಿ, ಮುಂದಿನ ಟಯರಿಗೂ ದಾರಕ್ಕೂ ನಡುವಣ ಅಂತರವನ್ನು ಹೋಲಿಸಬೇಕು. ಒಂದು ಮಗ್ಗುಲಲ್ಲಿ ದಾರ ಟಯರಿಗೆ ಒತ್ತಿ, ಇನ್ನೊಂದರಲ್ಲಿ ಬೆರಳು ತೂರುವಷ್ಟು ಜಾಗ ಉಳಿದರೆ ಹಿಂದಿನ ಚಕ್ರವನ್ನು ಸರಿಯಾಗಿ ಕೂರಿಸಿಲ್ಲ, ಇಲ್ಲವೆ ಚೌಕಟ್ಟು ಅಥವಾ ಮುಂಗವಲು ಸೊಟ್ಟಗಾಗಿದೆ. ಮೊದಲನೆಯದು ಐದು ನಿಮಿಷದ ಕೆಲಸ. ಎರಡನೆಯದು ಹೆದ್ದಾರಿಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದು.

ಇಂಜಿನ್ನಿನ ವಿಚಾರದಲ್ಲಿ ನಮಗೆ ಪಾಠ ಕಲಿಸಿದವರು ನಮ್ಮೂರಿನ ಒಬ್ಬ ಹಿರಿಯ ಮಿಸ್ತ್ರಿ. "ಬರ್ತೀನಿ ಅಂತ ಹೇಳಿ ಹೋಗಬ್ಯಾಡ ತಮ್ಮಾ, ಹೇಳಿದ್ರ ಬಿಸಿ ಮಾಡಿ ಇಟ್ಟಿರ್ತಾರ" ಎಂದಿದ್ದರು. ಗಾಡಿಯ ಬಳಿಗೆ ಹೋದೊಡನೆ, ಮಾತಿಗೆ ಮುಂಚೆ, ಸಿಲಿಂಡರಿನ ಮೇಲೆ ಅಂಗೈ ಇಟ್ಟು ನೋಡಬೇಕು. ತಣ್ಣಗಿರಬೇಕು. ಒಮ್ಮೆ ಕಾದ ಇಂಜಿನ್ನಿನಲ್ಲಿ ಲೋಹ ಹಿಗ್ಗಿ ಸಂದುಗಳು ಕಿರಿದಾಗಿರುತ್ತವೆ, ಪೆಟ್ರೋಲು ಸುಲಭವಾಗಿ ಆವಿಯಾಗುತ್ತದೆ, ನಿಂತಾಗ ಒಳಗಿಳಿದಿದ್ದ ಎಣ್ಣೆ ಉರಿದುಹೋಗಿರುತ್ತದೆ. ಹಾಗಾಗಿ ಮುದಿ ಇಂಜಿನ್ನೂ ಒಂದೇ ಒದೆತಕ್ಕೆ ಎದ್ದು ನಿಲ್ಲುತ್ತದೆ. ಬೆಳಗಿನ ಜಾವದ ತಣ್ಣನೆಯ ಇಂಜಿನ್ನು ಸುಳ್ಳು ಹೇಳಲಾರದು.

ಯೆಜ್ಡಿಯದು ಟೂ ಸ್ಟ್ರೋಕ್, ಎಂದರೆ ಎರಡು ಹೊಡೆತದ ಇಂಜಿನ್ನು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಬಳಿಕ ಮೇಲಕ್ಕೆ ಹೋಗುತ್ತದೆ. ಆದುದರಿಂದ ಆ ಪೆಟ್ಟಿಗೆ ಗಾಳಿ ನುಸುಳದಂತೆ ಭದ್ರವಾಗಿರಬೇಕು. ತಿರುಗುವ ದಂಡವು ಪೆಟ್ಟಿಗೆಯಿಂದ ಹೊರಬರುವ ಎರಡು ಕಡೆಗಳಲ್ಲಿಯೂ ರಬ್ಬರಿನ ಸೀಲುಗಳಿವೆ. ಕೆಲವೇ ರೂಪಾಯಿಗಳ ಈ ಉಂಗುರಗಳನ್ನು ಬದಲಾಯಿಸಲು ಇಂಜಿನ್ನನ್ನೇ ಬಿಚ್ಚಬೇಕು; ಆದುದರಿಂದ ಮಾರುವವರು ಅವನ್ನು ಮುಟ್ಟುವುದಿಲ್ಲ. ಗೇರು ಪೆಟ್ಟಿಗೆಯ ಕಡೆಯ ಸೀಲು ಹೋಗಿದ್ದರೆ ಅಲ್ಲಿಯ ಎಣ್ಣೆಯನ್ನು ಇಂಜಿನ್ನು ಹೀರಿಕೊಂಡು ಸುಡುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಓಡಿಸುವ ಗಾಡಿಯಾದ್ದರಿಂದ ಶುರುವಿನಲ್ಲಿ ನೀಲಿ ಹೊಗೆ ಸಹಜ. ನಾಲ್ಕೈದು ನಿಮಿಷದ ಮೇಲೆಯೂ ಅದು ದಟ್ಟವಾಗಿಯೇ ಸುತ್ತಿ ಸುತ್ತಿ ಬರುತ್ತಿದ್ದರೆ, ಗೇರು ಎಣ್ಣೆಯ ಮಟ್ಟವೂ ಇಳಿದಿದ್ದರೆ, ಕಾರಣ ಇದೇ. ಇನ್ನೊಂದು ಕಡೆಯ, ಎಂದರೆ ಡೈನಮೋ ಬದಿಯ ಸೀಲು ಹೋಗಿದ್ದರೆ ಹೊಗೆಯೇ ಕಾಣಿಸದು. ಅದು ಹೆಚ್ಚು ಅಪಾಯ. ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಇಂಥ ಇಂಜಿನ್ನು ಸುಮ್ಮನೆ ನಿಂತಿರುವಾಗಲೂ ತಾನೇ ತಾನಾಗಿ ವೇಗ ಏರಿಸಿಕೊಳ್ಳುವುದುಂಟು. ಸ್ವಲ್ಪ ದೂರ ಓಡಿಸಿ ಬಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ತುದಿಯ ಬಣ್ಣವೇ ಕಥೆ ಹೇಳುತ್ತದೆ: ಬಿಸ್ಕತ್ತಿನ ಬಣ್ಣವಾದರೆ ಸಮಾಧಾನ, ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಅಥವಾ ಪೆಟ್ರೋಲು ಹೆಚ್ಚು, ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು.

ಇಲ್ಲಿ ನಮ್ಮ ಸೀಮೆಗೇ ಸಂಬಂಧಿಸಿದ ಮಾತೊಂದುಂಟು. ಹಳೆಯ ಗಾಡಿಗಳನ್ನು ಕುರಿತ ಇಂಗ್ಲಿಷ್ ಪುಸ್ತಕಗಳಲ್ಲಿ ಪುಟಗಟ್ಟಲೆ ತುಕ್ಕಿನ ವಿಚಾರವೇ ತುಂಬಿರುತ್ತದೆ. ಅಲ್ಲಿ ಸದಾ ಮಳೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ನೀರಿನಲ್ಲಿ ಉಪ್ಪು ಬೆರೆತರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಕಬ್ಬಿಣ ಬೇಗ ತುಕ್ಕಾಗುತ್ತದೆ. ಮಂಗಳೂರಿನಿಂದ ಬಂದ ಗಾಡಿಗೂ ಈ ಮಾತು ಅನ್ವಯಿಸುತ್ತದೆ. ಆದರೆ ಹಗರಿಬೊಮ್ಮನಹಳ್ಳಿಯ ಒಣ ಹವೆಯಲ್ಲಿ ಬಾಳಿದ ಗಾಡಿಗೆ ತುಕ್ಕಿಗಿಂತ ದೂಳೇ ದೊಡ್ಡ ಶತ್ರು. ಮಸಾರಿ ಹೊಲದ ದಾರಿಯ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಮೋಸ್ ಮಾನದಲ್ಲಿ ಬೆಣಚಿನ ಕಾಠಿಣ್ಯ 7. ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆದು. ಗಾಳಿಶೋಧಕವನ್ನು ಕಿತ್ತೆಸೆದು "ಪಿಕಪ್ ಜಾಸ್ತಿಯಾಗುತ್ತದೆ" ಎಂದು ಹೆಮ್ಮೆಪಡುವ ತರುಣರು ತಮ್ಮ ಇಂಜಿನ್ನಿಗೆ ದಿನವೂ ಉಪ್ಪುಕಾಗದ ತಿಕ್ಕುತ್ತಿದ್ದಾರೆ ಎಂದೇ ತಿಳಿಯಬೇಕು. ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುತ್ತಾರೆ. ಒಂದೊಂದು ಸಲಕ್ಕೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಹೆಚ್ಚುತ್ತದೆ. ಇದಕ್ಕೊಂದು ಮಿತಿಯುಂಟು. "ಎಷ್ಟನೆಯ ಬೋರಿನಲ್ಲಿದೆ?" ಎಂಬ ಪ್ರಶ್ನೆಯನ್ನು ಕೇಳಲು ನಾಚಬಾರದು. ಉತ್ತರ ಬಾರದಿದ್ದರೆ ಕೊನೆಯ ಬೋರೆಂದೇ ಎಣಿಸಿ ಬೆಲೆ ಕಟ್ಟುವುದು ಕ್ಷೇಮ.

ಟ್ಯಾಂಕಿನ ಒಳಗನ್ನು ಮಾತ್ರ ನಮ್ಮ ಒಣ ಹವೆಯೂ ಕಾಪಾಡದು. ನಿಂತ ಗಾಡಿಯ ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತೇವ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಈಗ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲನ್ನೂ ಬೆರೆಸುತ್ತಾರೆ. ಎಥನಾಲು ನೀರನ್ನು ತನ್ನೊಳಗೆ ಎಳೆದುಕೊಳ್ಳುವ ದ್ರವ. ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಯೆಜ್ಡಿಯ ಕಾಲದ ರಬ್ಬರು ಕೊಳವೆಗಳನ್ನೂ ಕಾರ್ಬ್ಯುರೇಟರನ್ನೂ ಮಾಡಿದವರು ಇದನ್ನು ಎಣಿಸಿರಲಿಲ್ಲ. ಟಾರ್ಚು ಬಿಟ್ಟು ಒಳಗೆ ನೋಡಿರಿ.

ಬ್ರೇಕುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಎರಡೂ ಡ್ರಮ್ಮುಗಳು, ಎರಡನ್ನೂ ನಡೆಸುವುದು ಸನ್ನೆಯ ತತ್ತ್ವವೇ. ಹೊಸ ಗಾಡಿಯ ಡಿಸ್ಕ್ ಬ್ರೇಕಿಗೆ ಒಗ್ಗಿದ ಕೈ ಮೊದಲ ದಿನ ಮೋಸ ಹೋಗುತ್ತದೆ. ಖಾಲಿ ರಸ್ತೆಯಲ್ಲಿ ನಿಲ್ಲಿಸಿ ನೋಡದೆ ಹಣ ಎಣಿಸಬೇಡಿರಿ.

ಕಾಗದಪತ್ರಗಳನ್ನು ಕಡೆಗೆ ನೋಡುವುದು ರೂಢಿ. ಮೊದಲೇ ನೋಡಬೇಕೆಂದು ನಮ್ಮ ವಾದ. ಚೌಕಟ್ಟಿನ ಸಂಖ್ಯೆ ಮತ್ತು ಇಂಜಿನ್ನಿನ ಸಂಖ್ಯೆಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ನೋಂದಣಿ ಪುಸ್ತಕದೊಡನೆ ಅಂಕೆ ಅಂಕೆಯಾಗಿ ಹೋಲಿಸಬೇಕು. ಸುತ್ತಣ ಲೋಹದಲ್ಲಿ ಉಜ್ಜಿದ ಗೆರೆಗಳಿದ್ದರೆ ಅಲ್ಲಿಂದಲೇ ಹಿಂತಿರುಗುವುದು ಮೇಲು. ಹದಿನೈದು ವರ್ಷಗಳ ಬಳಿಕ ನೋಂದಣಿಯನ್ನು ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕೆಂಬುದು ಕಾನೂನು; ಕೊಟ್ಟಿಗೆಯಲ್ಲಿ ಮಲಗಿದ ಗಾಡಿಗಳಿಗೆ ಬಹುಶಃ ಇದು ಆಗಿರುವುದಿಲ್ಲ. ಹಳೆಯ ಪುಸ್ತಕವಿದ್ದರೂ ಗಣಕದ ದಾಖಲೆಗೆ ಸೇರದ ವಾಹನಗಳುಂಟು. ಹೊಸಪೇಟೆಯ ಸಾರಿಗೆ ಕಚೇರಿಯಲ್ಲಿ, ಅಂದರೆ ಕೆಎ-35ರಲ್ಲಿ, ವಿಚಾರಿಸಿಯೇ ಮುಂದುವರಿಯಬೇಕು. ಆಂಧ್ರದಿಂದ ಬಂದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಇಲ್ಲಿ ನಿಮ್ಮ ಹೆಸರಿಗಾಗದು. 2021ರ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿಯೇ ಉಳಿದ ವಾಹನಗಳಿಗೆ 'ವಿಂಟೇಜ್' ಎಂಬ ಬೇರೆ ನೋಂದಣಿ ಉಂಟು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನವೂ ಕಾಲೇಜಿಗೆ ಒಯ್ಯುವಂತಿಲ್ಲ. 'ವಿಂಟೇಜ್' ಎಂಬ ಮಾತನ್ನೇ ಬೆಲೆ ಏರಿಸಲು ಬಳಸುವವರಿಗೆ ಇದನ್ನು ನೆನಪಿಸಬಹುದು.

ಕೋಳಿ ಕುಳಿತಿದ್ದ ಗಾಡಿಯ ಇಂಜಿನ್ನು ತಿರುಗುವುದೇ ಇಲ್ಲವಲ್ಲ, ಅದನ್ನು ಪರೀಕ್ಷಿಸುವುದೆಂತು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪರೀಕ್ಷಿಸಲಾಗದು. ಆದರೆ ಅಲ್ಲಿ ತಿಳಿಯದಿರುವುದು ಇಬ್ಬರಿಗೂ ತಿಳಿಯದು. ಬೆಲೆಯೂ ಅದನ್ನು ಒಪ್ಪಿಕೊಂಡೇ ಇರುತ್ತದೆ. ಕೆಂಪು ಗಾಡಿಯಲ್ಲಿ ಹಾಗಲ್ಲ, ಅಲ್ಲಿ ಒಬ್ಬನಿಗೆ ತಿಳಿದಿತ್ತು. ಕೊಟ್ಟೂರಿನ ಹಳ್ಳಿಗೆ ನಾವೂ ಅವನ ಜೊತೆ ಹೋದೆವು. ಮನೆಯ ಯಜಮಾನರು ಹಿಟ್ಟಿನ ಡಬ್ಬಿಯಿಂದ ನೋಂದಣಿ ಪುಸ್ತಕವನ್ನು ತೆಗೆದುಕೊಟ್ಟರು, ಸಂಖ್ಯೆಗಳು ಹೊಂದಿದವು. ಅಯಸ್ಕಾಂತ ಎಲ್ಲಿಯೂ ಜಾರಲಿಲ್ಲ. ಪ್ಲಗ್ಗಿನ ರಂಧ್ರದಲ್ಲಿ ಎಣ್ಣೆ ಸುರಿದು ಬಂದೆವು. ಮೂರನೆಯ ದಿನ ಹಿಂದಿನ ಚಕ್ರವನ್ನು ಗೇರಿನಲ್ಲಿಟ್ಟು ಹಿಂದೆ ಮುಂದೆ ಅಲುಗಿಸಿದಾಗ ಒಳಗೆ ಟಕ್ಕೆಂದು ಸದ್ದಾಗಿ ಪಿಸ್ಟನ್ ಬಿಟ್ಟುಕೊಂಡಿತು. ಎರಡೂ ಸೀಲುಗಳು ಗಟ್ಟಿಯಾಗಿ ಒಡೆದಿದ್ದವು. ಅದು ಮೊದಲೇ ಲೆಕ್ಕ ಹಿಡಿದಿದ್ದ ಖರ್ಚು. ಟ್ಯಾಂಕು ಸೋರುತ್ತಿದ್ದುದು ಲೆಕ್ಕಕ್ಕೆ ಬಂದಿರಲಿಲ್ಲ. ಬಣ್ಣವನ್ನು ಮಾತ್ರ ಅವನು ಇನ್ನೂ ಹಾಕಿಸಿಲ್ಲ.