ತಾಯಿಯನ್ನು ಮರೆತ ಲೆಕ್ಕ

ಅಂಗೈ ತುಂಬುವಷ್ಟು ಗಾತ್ರ. ಕಣ್ಣು ಕಾಣದು, ಕಾಲು ಕಾಣದು. ಬರೀ ತುಪ್ಪಳದ ಉಂಡೆ. ನೇವರಿಸಿದರೆ ಬೆಕ್ಕಿನಂತೆ ಗುರ್‌ಗುರ್ ಎನ್ನುತ್ತದೆ. ಅಮೆರಿಕದ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಟ್ರಿಬಲ್ ಇದು. ಡೇವಿಡ್ ಜೆರಾಲ್ಡ್ ಬರೆದ ಆ ಕಂತು ಪ್ರಸಾರವಾದದ್ದು 1967ರ ಡಿಸೆಂಬರ್ 29ರಂದು. ತಿನ್ನುವುದು, ಮರಿ ಹಾಕುವುದು, ಇವೆರಡೇ ಇದರ ಕೆಲಸ. ಕೊನೆಗೆ ಬಾಹ್ಯಾಕಾಶ ನಿಲ್ದಾಣದ ಧಾನ್ಯದ ಉಗ್ರಾಣಕ್ಕೇ ನುಗ್ಗುತ್ತವೆ.

ಒಳಗೆ ಎಷ್ಟಿವೆ? ಸ್ಪಾಕ್ ಎಂಬ ಅಧಿಕಾರಿ ಥಟ್ಟನೆ ಹೇಳುತ್ತಾನೆ: 17,71,561. ಮೊದಲಿಗೆ ಒಂದೇ ಟ್ರಿಬಲ್, 12 ಗಂಟೆಗೊಮ್ಮೆ ತಲಾ 10 ಮರಿ, ಒಟ್ಟು 3 ದಿನ. ವಿದ್ಯಾರ್ಥಿಗಳೇ, ಮುಂದೆ ಓದುವ ಮೊದಲು ಪೆನ್ಸಿಲ್ ಹಿಡಿಯಿರಿ.

ತರಗತಿಯಲ್ಲಿ ಕೇಳಿದಾಗಲೆಲ್ಲ ಹೆಚ್ಚಿನವರ ಉತ್ತರ ಹತ್ತು ಲಕ್ಷ. ಆರು ಹತ್ತುಗಳನ್ನು ಗುಣಿಸಿರುತ್ತಾರೆ. ಸರಿ, ಹತ್ತು ಮರಿ ಹೆತ್ತ ತಾಯಿ ಎಲ್ಲಿ ಹೋದಳು? ಅವಳೂ ಸೇರಿದರೆ ಹನ್ನೊಂದು! ಆರು ಹನ್ನೊಂದುಗಳನ್ನು ಗುಣಿಸಿ ನೋಡಿ, ಸ್ಪಾಕ್ ಹೇಳಿದ್ದೇ ಬರುತ್ತದೆ. ತಾಯಿಯನ್ನು ಬಿಟ್ಟಿದ್ದಕ್ಕೆ ತಪ್ಪಿಹೋದದ್ದು 7,71,561. (ಮನೆಯಲ್ಲೂ ಅಷ್ಟೇ. ಊಟಕ್ಕೆ ಎಷ್ಟು ಎಲೆ ಎಂದರೆ ಬಡಿಸುವವಳನ್ನು ಬಿಟ್ಟೇ ಎಣಿಸುತ್ತೇವೆ.)

ಆದರೆ ಉಗ್ರಾಣದ ಬಾಗಿಲು ತೆರೆದಾಗ ಉರುಳಿದ ಟ್ರಿಬಲ್‌ಗಳಲ್ಲಿ ಹಲವು ಸತ್ತಿದ್ದವು. ಧಾನ್ಯಕ್ಕೆ ಯಾರೋ ವಿಷ ಬೆರೆಸಿದ್ದರು. ತಿಂದದ್ದು ಮೈಗೆ ಹತ್ತದಂತೆ ಮಾಡುವ ವಿಷ ಅದು. ಕಾಳಿನ ರಾಶಿಯ ನಡುವೆಯೇ ಹಸಿವಿನಿಂದ ಸತ್ತಿದ್ದವು. ಸ್ಪಾಕನ ಗುಣಾಕಾರದಲ್ಲಿ ಸಾವು ಸೇರಿಲ್ಲ. ಪ್ರತಿ ಸಲ ಹತ್ತರಲ್ಲಿ ಐದು ಮರಿ ಹುಟ್ಟುತ್ತಲೇ ಸತ್ತಿದ್ದರೆ? ಹದಿನೇಳು ಲಕ್ಷದ ಅರ್ಧ ಎನ್ನಬೇಡಿ. ಆರು ಆರುಗಳನ್ನು ಗುಣಿಸಿ: ಬರೀ 46,656.