ನೋಡತಕ್ಕ ಕಟ್ಟಡಗಳು: ಲಂಡನ್ನಿನ ಸಂತ ಪೌಲನ ದೇವಾಲಯ

ವಿಜಾಪುರದ ಗೋಲಗುಮ್ಮಟವನ್ನು ಹತ್ತಿದ ವಾಚಕರಿಗೆ, ಈ ಬದಿಯ ಪಿಸುಮಾತು ಆ ಬದಿಯವರ ಕಿವಿಯಲ್ಲಿ ನುಡಿದಂತೆ ಕೇಳಿಸುವ ಸೋಜಿಗವು ನೆನಪಿರಬಹುದು. ಅದೇ ಸೋಜಿಗವು ಲಂಡನ್ ಪಟ್ಟಣದ ಸಂತ ಪೌಲನ ದೇವಾಲಯದಲ್ಲಿಯೂ ಉಂಟು. ಆದರೆ ಒಂದು ಭೇದವಿದೆ. ಗೋಲಗುಮ್ಮಟವು ಒಳಗೂ ಹೊರಗೂ ಒಂದೇ ಗುಮ್ಮಟ. ಲಂಡನ್ನಿನದು ಒಂದರೊಳಗೊಂದು ಇರುವ ಮೂರು.

1666ರ ಸೆಪ್ಟೆಂಬರಿನಲ್ಲಿ ಲಂಡನ್ನನ್ನು ಸುಟ್ಟ ಮಹಾಗ್ನಿಯಲ್ಲಿ ಹಳೆಯ ದೇವಾಲಯವು ನಾಶವಾಯಿತು. ದುರಸ್ತಿಗೆಂದು ಕಟ್ಟಿದ್ದ ಮರದ ಸಾರುವೆಯೇ ಉರಿಗೆ ಸೌದೆಯಾಯಿತು. ಮಾಡಿನ ಸೀಸವು ಕರಗಿ ಬೀದಿಯಲ್ಲಿ ಹರಿಯಿತು. ಹೊಸದನ್ನು ಕಟ್ಟುವ ಹೊಣೆಯು ಕ್ರಿಸ್ಟೋಫರ್ ರೆನ್ ಎಂಬಾತನಿಗೆ ಬಂದಿತು. ಈತನು ಮೊದಲು ಆಕ್ಸ್‌ಫರ್ಡಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಪಟ್ಟಣಕ್ಕೆ ಬರುವ ಕಲ್ಲಿದ್ದಲಿನ ಮೇಲಣ ಸುಂಕದ ಹಣದಿಂದ 1675ರಲ್ಲಿ ಕೆಲಸವು ಆರಂಭವಾಯಿತು.

ರೆನ್ನನ ಮುಂದೆ ಒಂದು ತೊಡಕಿತ್ತು. ದೂರದಿಂದ ಕಾಣಬೇಕಾದರೆ ಗುಮ್ಮಟವು ಬಹಳ ಎತ್ತರವಾಗಿರಬೇಕು. ಅಷ್ಟು ಎತ್ತರವಾದರೆ ಒಳಗೆ ನಿಂತವರಿಗೆ ಕತ್ತಲೆಯ ಬಾವಿಯನ್ನು ತಲೆಕೆಳಗಾಗಿ ನೋಡಿದಂತಾಗುವುದು. ಆದುದರಿಂದ ಆತನು ಒಳಗಿನವರಿಗಾಗಿ ಇಟ್ಟಿಗೆಯ ತಗ್ಗಾದ ಗುಮ್ಮಟವನ್ನೂ, ಹೊರಗಿನವರಿಗಾಗಿ ಸೀಸದ ತಗಡು ಹೊದಿಸಿದ ಮರದ ಗುಮ್ಮಟವನ್ನೂ ಕಟ್ಟಿದನು. ಶಿಖರದ ಕಲ್ಲಿನ ಮಂಟಪವು ಸುಮಾರು 850 ಟನ್ ಭಾರವುಳ್ಳದ್ದು. ಅದನ್ನು ಹೊರುವ ಶಕ್ತಿಯು ಈ ಎರಡಕ್ಕೂ ಇಲ್ಲ. ಹೊರುವುದು ಇವುಗಳ ನಡುವೆ ಅಡಗಿರುವ ಮೂರನೆಯದು: ಧಾನ್ಯದ ರಾಶಿಯಂತೆ ಮೇಲಕ್ಕೆ ಕಿರಿದಾಗುವ, 18 ಅಂಗುಲ ದಪ್ಪದ ಇಟ್ಟಿಗೆಯ ಗೋಪುರ. ಅದರ ಬುಡವು ಹೊರಕ್ಕೆ ಸರಿಯದಂತೆ, ಗಾಡಿಯ ಚಕ್ರಕ್ಕೆ ಪಟ್ಟಿ ಬಿಗಿಯುವ ಹಾಗೆ, ಕಬ್ಬಿಣದ ಸರಪಣಿಯನ್ನು ಸುತ್ತಿದರು.

ಕೆಲಸವು ತಡವಾಯಿತೆಂದು 1697ರಲ್ಲಿ ಪಾರ್ಲಿಮೆಂಟು ರೆನ್ನನ ಸಂಬಳದಲ್ಲಿ ಅರ್ಧವನ್ನು ತಡೆಹಿಡಿಯಿತು. ಆತನು ಕೈಬಿಡಲಿಲ್ಲ. 1708ರಲ್ಲಿ ಶಿಖರದ ಕೊನೆಯ ಕಲ್ಲನ್ನು ಮಗನು ಇರಿಸಿದಾಗ ತಂದೆಗೆ 76 ವರ್ಷ. ನೆಲದಿಂದ ಶಿಲುಬೆಯವರೆಗೆ 365 ಅಡಿ. 1723ರಲ್ಲಿ ತೀರಿಕೊಂಡ ರೆನ್ನನ ಸಮಾಧಿಯು ಇದೇ ದೇವಾಲಯದ ನೆಲಮಾಳಿಗೆಯಲ್ಲಿದೆ.

ಕಟ್ಟಡದಲ್ಲಿ ದೋಷವಿಲ್ಲದೆ ಇರಲಿಲ್ಲ. ಗುಮ್ಮಟವನ್ನು ಹೊತ್ತ ದಪ್ಪ ಕಂಬಗಳ ಮೈ ಮಾತ್ರ ಒಳ್ಳೆಯ ಕಲ್ಲು. ಒಡಲಿನಲ್ಲಿ ತುಂಬಿದ್ದುದು ಕಲ್ಲುಚೂರು. 1925ರಿಂದ 1930ರವರೆಗೆ ಅವುಗಳೊಳಗೆ ಸಿಮೆಂಟನ್ನು ಒತ್ತಿ ತುಂಬಿ, ಹೊಸ ಉಕ್ಕಿನ ಸರಪಣಿಯನ್ನು ಬಿಗಿದು ಭದ್ರಪಡಿಸಿದರು. ಹತ್ತು ವರ್ಷಗಳಲ್ಲಿಯೇ ಬೇರೊಂದು ಪರೀಕ್ಷೆಯು ಬಂದಿತು. 1940ರ ಡಿಸೆಂಬರ್ 29ರ ರಾತ್ರಿ, ಸುತ್ತಲಿನ ಬೀದಿಗಳು ಉರಿಯುತ್ತಿರುವಾಗ, ಬೆಂಕಿಬಾಂಬೊಂದು ಗುಮ್ಮಟದ ಸೀಸದಲ್ಲಿ ನಾಟಿಕೊಂಡಿತು. ಸೀಸದ ಕೆಳಗೆ ಇದ್ದುದು ಮರ. ದೈವವಶಾತ್ ಬಾಂಬು ಒಳಕ್ಕೆ ಇಳಿಯದೆ ಹೊರಕ್ಕೆ ಉರುಳಿತು. ಕಾವಲಿದ್ದ ಸ್ವಯಂಸೇವಕರು ಅದನ್ನು ಆರಿಸಿದರು.

ತುದಿಯ ಮೊಗಸಾಲೆಗೆ 528 ಮೆಟ್ಟಲು. ಅಲ್ಲಿಗೆ ಏರುವವರು ಆ ಇಟ್ಟಿಗೆಯ ಗೋಪುರದ ಪಕ್ಕದಲ್ಲಿಯೇ ಹಾದುಹೋಗಬೇಕು. ಅದಕ್ಕೆ ಚಿತ್ರವಿಲ್ಲ, ಚಿನ್ನದ ಲೇಪವಿಲ್ಲ. ನಮ್ಮ ವಾಚಕರಲ್ಲಿ ಯಾರಾದರೂ ಅಲ್ಲಿಗೆ ಹೋದರೆ ಒಂದು ಕ್ಷಣ ನಿಂತು ಅದನ್ನು ನೋಡಿ ಮುಂದೆ ಸಾಗಲಿ. ಮೇಲಿನ ಮಂಟಪವನ್ನು ಮುನ್ನೂರು ವರ್ಷಗಳಿಂದ ಹೊತ್ತಿರುವುದು ಅದೇ.