ಓದಲಾಗದ ಎಚ್ಚರಿಕೆಯೂ ಒಂದು ಎಚ್ಚರಿಕೆಯೇ?



ಈ ಸಲ ನಾವು ಬರೆಯುತ್ತಿರುವುದು ಮೈಕ್ರೋವೇವ್ ಓವನ್ ಬಗ್ಗೆ. "ಏನ್ ಮೇಷ್ಟ್ರೇ, ಶಾಲೆ ವಿಷಯ ಬಿಟ್ಟು ಅಡಿಗೆಮನೆಗೆ ನುಗ್ಗಿಬಿಟ್ರಿ?" ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ಕೊನೇವರೆಗೂ ಓದಿ. ಇದು ಶಾಲೆಯ ವಿಷಯವೇ, ಭಾಷೆಯ ವಿಷಯವೇ!

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಮನೆಗಳಿಗೆ ಈ ಪೆಟ್ಟಿಗೆ ಹೇಗೆ ಬರುತ್ತೆ ಅಂತ ನಿಮಗೇ ಗೊತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ತಂದು ಕೊಡ್ತಾನೆ. ಇಲ್ಲವೇ ಮದುವೆಯಲ್ಲಿ ಯಾರೋ ಉಡುಗೊರೆ ಕೊಡ್ತಾರೆ. ಇನ್ನು ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿನ ಮನೆಗಳಿಗೆ, ಹೋಟೆಲುಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು, ನಮ್ಮ ಹಳೇ ವಿದ್ಯಾರ್ಥಿಗಳು ಅಲ್ಲಿ ಮೊದಲ ದಿನವೇ ಈ ಪೆಟ್ಟಿಗೆ ಮುಂದೆ ನಿಲ್ಲಬೇಕಾಗುತ್ತೆ. ಜೊತೆಗೆ ಒಂದು ದಪ್ಪ ಪುಸ್ತಕ ಇರುತ್ತೆ. ಎಚ್ಚರಿಕೆಗಳೆಲ್ಲ ಅದರಲ್ಲೇ ಇರೋದು. ಯಾವ ಭಾಷೆಯಲ್ಲಿ? ಇಂಗ್ಲಿಷು, ಹೆಚ್ಚೆಂದರೆ ಹಿಂದಿ. ಏಳನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ತಾಯಿ ಅದನ್ನಿಟ್ಟುಕೊಂಡು ಏನು ಮಾಡಬೇಕು ಸ್ವಾಮಿ?

ಕಾನೂನು ಏನು ಹೇಳುತ್ತೆ?

2011ರ ಕಾನೂನುಬದ್ಧ ಮಾಪನ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು. 2020ರ ಆಹಾರ ಲೇಬಲ್ ನಿಯಮಗಳದ್ದೂ ಇದೇ ರಾಗ. ಬೇರೆ ಭಾಷೆ ಬೇಕಿದ್ದರೆ ಸೇರಿಸಿಕೊಳ್ಳಬಹುದು, ಕಡ್ಡಾಯ ಅಲ್ಲ. ಅಂದರೆ ಫ್ರೀಜರಿನ ಕೋಳಿಮಾಂಸದ ಪೊಟ್ಟಣದ ಮೇಲೆ "ಒಮ್ಮೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸಬೇಡಿ" ಎಂಬ ಮಾತು ಕನ್ನಡದಲ್ಲೂ ಬೇಕಿಲ್ಲ, ತೆಲುಗಿನಲ್ಲೂ ಬೇಕಿಲ್ಲ. ಗಮನಿಸಿ, ಇಲ್ಲಿ ನಮಗೂ ತೆಲುಗು ಬಾಂಧವರಿಗೂ ಜಗಳವೇ ಇಲ್ಲ. ಇಬ್ಬರ ಗತಿಯೂ ಒಂದೇ!

ಇನ್ನೊಂದು ಕಾನೂನು ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅಪಾಯ ತಪ್ಪಿಸಲು ಬೇಕಾದಷ್ಟು ಬಳಕೆಯ ಸೂಚನೆ, ಎಚ್ಚರಿಕೆ ಕೊಡದೆ ಇದ್ದರೆ, ಅದರಿಂದ ಹಾನಿಯಾದರೆ ತಯಾರಕರೇ ಹೊಣೆ ಅನ್ನುತ್ತೆ ಅದು. ಒಳ್ಳೆಯದು. ಹಾಗಾದರೆ ನಮ್ಮ ಪ್ರಶ್ನೆ ಇಷ್ಟೇ: ಓದಲು ಬಾರದ ಭಾಷೆಯಲ್ಲಿ ಬರೆದದ್ದು "ಬೇಕಾದಷ್ಟು" ಎಚ್ಚರಿಕೆ ಹೇಗಾಗುತ್ತೆ? ಮುಂದೆ ಬಾವಿ ಇದೆ ಅಂತ ಕುರುಡನಿಗೆ ಬೋರ್ಡು ತೋರಿಸಿದರೆ ಜವಾಬ್ದಾರಿ ಮುಗಿಯಿತೇ? ತಮಾಷೆ ಏನು ಗೊತ್ತಾ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಕೊಡಬಹುದು. ಕೈ ಸುಟ್ಟುಕೊಂಡ ಮೇಲೆ ಕನ್ನಡ, ಸುಟ್ಟುಕೊಳ್ಳುವ ಮುಂಚೆ ಇಂಗ್ಲಿಷ್!

ಕರ್ನಾಟಕ ಸರ್ಕಾರ ತನ್ನಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಅಂತ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು. ಸಂತೋಷ. ಆದರೆ ಬೇರೆ ಕಡೆ ತಯಾರಾಗಿ ಬರುವ ಓವನ್ನಿಗೆ ಅದು ತಾಕುವುದಿಲ್ಲ. ರಾಜ್ಯಗಳ ಗೆರೆ ಎಳೆದಾಗ ಈಚೆಗೆ ಉಳಿದವರು ನಾವು. ಗೌರಿಬಿದನೂರಿನ ಆದೇಶ ಹಿಂದೂಪುರಕ್ಕೆ ಬರೋಲ್ಲ, ಪಾವಗಡದ್ದು ಕಲ್ಯಾಣದುರ್ಗಕ್ಕೆ ಬರೋಲ್ಲ. ವಿದ್ಯುತ್ತು ಮಾತ್ರ ಎರಡೂ ಕಡೆ ಒಂದೇ ಥರ ಹೊಡೆಯುತ್ತೆ!

"ಇಂಗ್ಲಿಷ್ ಕಲಿತರೆ ಆಯ್ತಲ್ಲ?"

ಈ ಮಾತು ಹೇಳುವವರು ನಮ್ಮ ಊರುಗಳಲ್ಲೇ ಬಹಳ ಜನ. ಆಂಧ್ರ ಸರ್ಕಾರ 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ತಂದಾಗಲೂ ಇದೇ ವಾದ ಕೇಳಿಬಂತು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಆ ಆದೇಶಗಳನ್ನು ರದ್ದು ಮಾಡಿತು. ಕೋರ್ಟಿನ ಮಾತು ಹಾಗಿರಲಿ. ಮಗು ಇಂಗ್ಲಿಷ್ ಕಲಿಯಲಿ, ನಾವೂ ಕಲಿಸುತ್ತೇವೆ. ಆದರೆ ಅರವತ್ತು ದಾಟಿದ ಅಜ್ಜಿ ಇವತ್ತು ಸಂಜೆ ಹಾಲು ಬಿಸಿ ಮಾಡಬೇಕಲ್ಲ? ಅವರು ಸ್ಪೋಕನ್ ಇಂಗ್ಲಿಷ್ ತರಗತಿ ಮುಗಿಸಿಕೊಂಡು ಬರುವತನಕ ಹಾಲು ಕಾಯುತ್ತಾ?

ಎಚ್ಚರಿಕೆ ಕನ್ನಡದಲ್ಲಿ ಇಲ್ಲದ ಕಡೆ ಗಾಳಿಮಾತು ಕನ್ನಡದಲ್ಲಿ ಹಬ್ಬುತ್ತೆ. "ಅದರಲ್ಲಿ ಬೇಯಿಸಿದರೆ ಅನ್ನಕ್ಕೆ ವಿಕಿರಣ ಹತ್ತಿಕೊಳ್ಳುತ್ತೆ" ಅಂತ ಹೆದರಿಸುವವರು, ಅದೇ ಪೆಟ್ಟಿಗೆಯಲ್ಲಿ ಸ್ಟೀಲ್ ಲೋಟ ಇಟ್ಟು ಕಿಡಿ ಹಾರಿಸುತ್ತಾರೆ. ಹೆದರಬಾರದ ಕಡೆ ಹೆದರಿಕೆ, ಹೆದರಬೇಕಾದ ಕಡೆ ಧೈರ್ಯ!

ಇನ್ನೊಂದು ಪಂಗಡ ಇದೆ, ಅದು ನಮ್ಮವರದ್ದೇ. ಇದನ್ನು ಕನ್ನಡದಲ್ಲಿ ಹೇಳಿ ಅಂದರೆ "ಸೂಕ್ಷ್ಮತರಂಗ ಚುಲ್ಲಿಕೆ" ಅಂತ ಬರೆದು ಕೈತೊಳೆದುಕೊಳ್ಳುವವರು. ಯಾವ ಅಜ್ಜಿಗೆ ಅರ್ಥವಾಗುತ್ತೆ ಇದು? ಓವನ್ ಅಂದರೆ ಓವನ್. ಬಸ್ಸು, ರೈಲು, ಫ್ರಿಜ್ಜು ಕನ್ನಡ ಆಗಿಲ್ಲವೇ?

ಹಾಗಾದರೆ ಕನ್ನಡದಲ್ಲಿ ಹೇಳಲಾಗುತ್ತಾ? ನೋಡೋಣ ಬನ್ನಿ.

ಒಳಗೆ ಏನಾಗುತ್ತೆ?

ಈ ಪೆಟ್ಟಿಗೆಯೊಳಗೆ ಬೆಂಕಿ ಇಲ್ಲ. ಮ್ಯಾಗ್ನೆಟ್ರಾನ್ ಎಂಬ ಭಾಗ ರೇಡಿಯೋ ಜಾತಿಯ ಅಲೆಗಳನ್ನು ಹೊರಡಿಸುತ್ತೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರು ರಾಡಾರಿನ ಕೆಲಸದಲ್ಲಿದ್ದಾಗ ಜೇಬಿನ ಸಿಹಿತಿಂಡಿ ಕರಗಿದ್ದು ನೋಡಿ ಈ ಉಪಾಯ ಕಂಡುಕೊಂಡ. ಅಲೆಗಳು ಆಹಾರದಲ್ಲಿರುವ ನೀರಿನ ಕಣಗಳನ್ನು ಅಲ್ಲಾಡಿಸುತ್ತವೆ, ಅದರಿಂದ ಬಿಸಿ ಹುಟ್ಟುತ್ತೆ. ಅಲೆ ನಿಂತರೆ ಅಲ್ಲಿಗೆ ಮುಗಿಯಿತು, ದೀಪ ಆರಿಸಿದ ಮೇಲೆ ಬೆಳಕು ಉಳಿಯದ ಹಾಗೆ ಅನ್ನದಲ್ಲಿ ಏನೂ ಉಳಿಯೋಲ್ಲ. ಬಾಗಿಲಿನ ಲೋಹದ ಜಾಲರಿ ಅಲೆಗಳನ್ನು ಒಳಗೇ ತಡೆಯುತ್ತೆ. ಆದ್ದರಿಂದ ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಬಳಸಬೇಡಿ.

ಐಸ್ ಬಿಡಿಸುವಾಗ

ಅಲೆಗಳನ್ನು ನೀರು ಹೀರಿಕೊಂಡಷ್ಟು ಮಂಜುಗಡ್ಡೆ ಹೀರಿಕೊಳ್ಳೋಲ್ಲ. ಮಾಂಸದ ಅಂಚು ಸ್ವಲ್ಪ ಕರಗಿತು ಅನ್ನಿ, ಆ ನೀರೇ ಬಿಸಿಯನ್ನೆಲ್ಲ ಎಳೆದುಕೊಂಡು ಅಂಚು ಬೇಯುತ್ತೆ, ನಡುಭಾಗ ಕಲ್ಲಿನ ಹಾಗೇ ಇರುತ್ತೆ. ಅದಕ್ಕೇ "ಡಿಫ್ರಾಸ್ಟ್" ಗುಂಡಿ ಇರೋದು. ಅದನ್ನು ಒತ್ತಿದರೆ ಸಾಮಾನ್ಯ ಓವನ್ ಒಂದಷ್ಟು ಹೊತ್ತು ಅಲೆ ಬಿಟ್ಟು, ಒಂದಷ್ಟು ಹೊತ್ತು ಸುಮ್ಮನಿರುತ್ತೆ. ಆ ಬಿಡುವಿನಲ್ಲಿ ಬಿಸಿ ನಿಧಾನಕ್ಕೆ ಒಳಗೆ ಇಳಿಯುತ್ತೆ.

ಪೊಟ್ಟಣ, ಥರ್ಮಾಕೋಲ್ ತಟ್ಟೆ ತೆಗೆದುಹಾಕಿ. ನಡುವೆ ಎರಡು ಮೂರು ಸಲ ಮಗುಚಿ, ಬಿಟ್ಟುಕೊಂಡ ತುಂಡುಗಳನ್ನು ಬೇರೆ ಮಾಡಿ. ಐಸ್ ಬಿಟ್ಟ ಕೂಡಲೇ ಬೇಯಿಸಿ, ಸಂಜೆಗೆ ಅಂತ ಇಡಬೇಡಿ. ಯಾಕೆಂದರೆ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳಿಗೆ ಹಬ್ಬ. ಅವಸರ ಇಲ್ಲದಿದ್ದರೆ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ, ರಸ ಸೋರದ ಪಾತ್ರೆಯಲ್ಲಿ ಇಡಿ. ನಮ್ಮ ರಾಯಲಸೀಮೆಯ ಬೇಸಿಗೆಯಲ್ಲಿ ಬೆಳಗಿಂದ ಕಟ್ಟೆ ಮೇಲೆ ಇಟ್ಟು ಕರಗಿಸುವುದು ಬೇಡವೇ ಬೇಡ.

ಬೇಯಿಸುವಾಗ, ಬಿಸಿ ಮಾಡುವಾಗ

ಅಲೆಗಳು ಎಲ್ಲ ಕಡೆ ಸಮವಾಗಿ ಬೀಳೋಲ್ಲ. ಒಂದು ಕಡೆ ಕುದಿಯುತ್ತಿದ್ದರೆ ಪಕ್ಕದಲ್ಲೇ ತಣ್ಣಗಿರುತ್ತೆ. ಅರ್ಧದಲ್ಲಿ ತೆಗೆದು ಕಲಕಿ. ಮುಚ್ಚಳ ಮುಚ್ಚಿ, ಆದರೆ ಆವಿ ಹೋಗಲು ಸಂದು ಬಿಡಿ. ನಿಂತ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಡಿ, ಆಗಲೂ ಬೇಯುತ್ತಿರುತ್ತೆ. ಕೋಳಿಮಾಂಸದ ನಡುಭಾಗ 74 ಡಿಗ್ರಿ ಮುಟ್ಟಬೇಕು. ಬಣ್ಣ ನೋಡಿ ಹೇಳುವುದಕ್ಕಿಂತ ಅಡಿಗೆಯ ಥರ್ಮಾಮೀಟರು ನಂಬಿಕೆಯದ್ದು. ಅದಿಲ್ಲದಿದ್ದರೆ ದಪ್ಪ ತುಂಡನ್ನು ಕತ್ತರಿಸಿ ನೋಡಿ, ನಡುಭಾಗವೂ ಹೊಗೆಯಾಡುವಷ್ಟು ಬಿಸಿ ಇರಬೇಕು.

ಅನ್ನದ ವಿಷಯ ಬೇರೆ. ಬಸಿದ ಅನ್ನ ಸೆಕೆಯಲ್ಲಿ ಗಂಟೆಗಟ್ಟಲೆ ಕೂತರೆ ಒಂದು ಜಾತಿಯ ಬ್ಯಾಕ್ಟೀರಿಯಾ ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋಲ್ಲ. ಉಳಿಯುತ್ತೆ ಅನ್ನಿಸಿದರೆ ಬೇಗ ಫ್ರಿಜ್ಜಿಗೆ ಸೇರಿಸಿ. ಮುದ್ದೆ ಬಿಸಿ ಮಾಡುವುದಾದರೆ ನೀರು ಚಿಮುಕಿಸಿ ಮುಚ್ಚಿಡಿ, ಇಲ್ಲದಿದ್ದರೆ ಒಣಗಿ ಕಲ್ಲಾಗುತ್ತೆ.

ಗೋಡೆಗೆ ಅಂಟಿಸಬೇಕಾದ ಮಾತುಗಳು

1. ಸ್ಟೀಲು, ಅಲ್ಯೂಮಿನಿಯಂ ಪಾತ್ರೆ, ಚಮಚ, ಹಾಳೆ, ಜರಿ ಅಂಚಿನ ತಟ್ಟೆ ಒಳಗೆ ಬೇಡ. ಓವನ್ನಿಗೆಂದೇ ಮಾಡಿದ ಗಾಜು, ಪಿಂಗಾಣಿ ಇರಲಿ.

2. ಐಸ್‌ಕ್ರೀಂ ಡಬ್ಬ, ಹೋಟೆಲಿನ ಪಾರ್ಸಲ್ ಕವರು ಬೇಡ. ಮೈಕ್ರೋವೇವಿಗೆ ಆಗುತ್ತೆ ಅಂತ ಗುರುತಿರುವ ಪ್ಲಾಸ್ಟಿಕ್ ಮಾತ್ರ.

3. ಮೊಟ್ಟೆಯನ್ನು ಚಿಪ್ಪಿನ ಸಮೇತ ಇಡಲೇಬೇಡಿ. ಬೇಯಿಸಿ ಸುಲಿದ ಇಡೀ ಮೊಟ್ಟೆಯನ್ನೂ ಬೇಡ. ಒಳಗೆ ಆವಿ ಕಟ್ಟಿಕೊಂಡು, ಹೊರಗೆ ತೆಗೆದು ಕಚ್ಚಿದಾಗಲೂ ಸಿಡಿಯಬಹುದು. ಮಧ್ಯಾಹ್ನದ ಊಟದ ಮೊಟ್ಟೆಯನ್ನು ಮನೆಗೆ ಒಯ್ಯುವ ಮಕ್ಕಳಿಗೆ ಇದನ್ನು ಮರೆಯದೆ ಹೇಳಿ.

4. ನುಣುಪು ಗಾಜಿನ ಲೋಟದಲ್ಲಿ ಬರೀ ನೀರು ಕಾಯಿಸಿದರೆ ಗುಳ್ಳೆ ಏಳದೆಯೇ 100 ಡಿಗ್ರಿ ದಾಟಬಹುದು. ಟೀಪುಡಿ ಹಾಕಿದ ತಕ್ಷಣ ಉಕ್ಕಿ ಮುಖಕ್ಕೆ ಹಾರುತ್ತೆ. ಹೆಚ್ಚು ಹೊತ್ತು ಕಾಯಿಸಬೇಡಿ. ಮೊದಲೇ ಒಂದು ಮರದ ಕಡ್ಡಿ ಹಾಕಿಡಿ.

5. ಮಗುವಿನ ಹಾಲಿನ ಬಾಟಲಿ ಇಡಬೇಡಿ. ಬಾಟಲಿ ಬೆಚ್ಚಗೆ, ಒಳಗಿನ ಹಾಲು ಸುಡುಸುಡು!

6. ಖಾಲಿ ಓವನ್ ಓಡಿಸಬೇಡಿ.

7. ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕೀಳಿ.

8. ಕೆಟ್ಟರೆ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಬೇಕೇ ಬೇಕು.

ನೋಡಿದಿರಾ? ಎಂಟೇ ಮಾತು. ಕನ್ನಡಕ್ಕೆ ಎಲ್ಲಾದರೂ ಉಸಿರು ಕಟ್ಟಿತೇ? ಒಂದು ಹಾಳೆಯ ಒಂದೇ ಮಗ್ಗುಲಿನಲ್ಲಿ ಹಿಡಿಯುವ ಇದನ್ನು ಅಚ್ಚು ಹಾಕಲು ಸಾವಿರಾರು ರೂಪಾಯಿಯ ಓವನ್ ಮಾರುವವರಿಗೆ ಎಷ್ಟು ಖರ್ಚಾದೀತು? ಭಾಷೆಗೆ ಶಕ್ತಿ ಸಾಲದು ಅನ್ನುವವರು ಇದಕ್ಕೆ ಉತ್ತರ ಹೇಳಲಿ.

ಈಗ ಮಾಡಬೇಕಾದ್ದು

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಿ ಅಂತ ರಾಜ್ಯಗಳಿಗೆ ಹೇಳುತ್ತೆ. ತಾಯ್ನುಡಿಯಲ್ಲಿ ಓದಿಸಿ, ಆಮೇಲೆ ಆ ಓದು ಬದುಕಿನಲ್ಲಿ ಎಲ್ಲೂ ಉಪಯೋಗಕ್ಕೆ ಬಾರದ ಹಾಗೆ ಮಾಡಿದರೆ ಯಾವ ತಂದೆತಾಯಿ ಕನ್ನಡ ಶಾಲೆಗೆ ಕಳಿಸುತ್ತಾರೆ? ನಮ್ಮ ಶಾಲೆಗಳು ಖಾಲಿಯಾಗುವುದಕ್ಕೆ ಇಂಥ ಪುಸ್ತಕಗಳೂ ಕಾರಣ.

ಮೇಷ್ಟ್ರುಗಳೇ, ಮುಂದಿನ ವಿಜ್ಞಾನ ತರಗತಿಯಲ್ಲಿ ಮಕ್ಕಳಿಂದ ಮನೆಯ ಒಂದೊಂದು ಲೇಬಲ್ ತರಿಸಿ. ಓವನ್ನಿನದ್ದು, ಕುಕ್ಕರಿನದ್ದು, ಹೊಲಕ್ಕೆ ಹೊಡೆಯುವ ಔಷಧಿಯದ್ದು. ಅವುಗಳ ಎಚ್ಚರಿಕೆಯನ್ನು ಆಡುಮಾತಿನ ಕನ್ನಡದಲ್ಲಿ ಬರೆಸಿ, ಶಾಲೆಯ ಗೋಡೆಗೆ ಹಾಕಿ. ಪಕ್ಕದ ತೆಲುಗು ಶಾಲೆಯವರನ್ನೂ ಕರೆದು ತೆಲುಗಿನಲ್ಲೂ ಬರೆಸಿ. ತಂದೆತಾಯಿಗಳೇ, ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ "ಕನ್ನಡದ ಪುಸ್ತಕ ಎಲ್ಲಿ?" ಅಂತ ಒಂದು ಮಾತು ಕೇಳಿ. ಸಿಗದಿದ್ದರೆ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಹೇಳಿ. ಹತ್ತು ಜನ ಕೇಳಿದರೆ ಅಂಗಡಿಯವರು ನಗಬಹುದು, ಸಾವಿರ ಜನ ಕೇಳಿದರೆ ಕಂಪನಿಗೆ ಕಾಗದ ಬರೆಯುತ್ತಾರೆ.

ಮೇಲಿನ ಎಂಟು ಮಾತುಗಳನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ನಮ್ಮನ್ನು ಕೇಳಬೇಕಾಗಿಲ್ಲ. ಮೊದಲ ಪ್ರತಿಯನ್ನು ನಿಮ್ಮ ಮನೆಯ ಅಡಿಗೆಮನೆಯಲ್ಲೇ ಅಂಟಿಸಿ. ಏನಂತೀರಿ?